ಕೌಂಟರ್-ಸ್ಟ್ರೈಕ್ 2ರ ಗ್ರೆನೇಡ್‌ಗಳು: ಬೀಳುವ ಮುಂಚಿನ ಲೆಕ್ಕ

ಕೌಂಟರ್-ಸ್ಟ್ರೈಕ್ 2 ಎರಡು ತಂಡಗಳ ಕಂಪ್ಯೂಟರ್ ಶೂಟಿಂಗ್ ಆಟ: ಟಿ (ಟೆರರಿಸ್ಟ್) ಕಡೆಯವರು ಬಾಂಬ್ ಇಡೋಕೆ ನೋಡುತ್ತಾರೆ, ಸಿಟಿ (ಕೌಂಟರ್-ಟೆರರಿಸ್ಟ್) ಕಡೆಯವರು ತಡೆಯುತ್ತಾರೆ. ಅದರಲ್ಲಿ ಗ್ರೆನೇಡ್ ಕಾಲ ಬುಡಕ್ಕೆ ಬಿದ್ದ ಮೇಲೆ ಮಾಡೋದಕ್ಕೆ ಹೆಚ್ಚೇನೂ ಉಳಿದಿರೋದಿಲ್ಲ. ಸಿಡಿದು ಗಾಯ ಮಾಡುವ ಎಚ್‌ಇ ಆಗಲಿ, ಕಣ್ಣು ಕುರುಡಾಗಿಸುವ ಫ್ಲ್ಯಾಶ್ ಆಗಲಿ, ಎಸೆದವನ ಕೈ ಬಿಟ್ಟು ಸುಮಾರು ಒಂದೂವರೆ ಸೆಕೆಂಡಿಗೆ ಸಿಡಿಯುತ್ತೆ. ಅದರಲ್ಲಿ ಅರ್ಧ ಹೊತ್ತು ಗಾಳಿಯಲ್ಲೇ ಕಳೆದಿರುತ್ತೆ. ಹಾಗಾಗಿ ನಾನು ಲೆಕ್ಕ ಹಾಕೋದೆಲ್ಲ ಮುಂಚೆಯೇ: ಈಗ ಗಡಿಯಾರ ಎಷ್ಟು ತೋರಿಸುತ್ತಿದೆ, ನಾನು ನಿಂತಿರೋ ಜಾಗ ಎದುರಿನವರಿಗೆ ಎಷ್ಟು ಪರಿಚಿತ, ಇಲ್ಲಿಂದ ಹೊರಗೆ ಹೋಗೋಕೆ ದಾರಿ ಯಾವುದು.

ಮೊದಲು ಆಟದೊಳಗಿನ ದುಡ್ಡಿನ ವಿಷಯ. ಒಬ್ಬನ ಕೈಯಲ್ಲಿ ಒಟ್ಟು ನಾಲ್ಕೇ ಗ್ರೆನೇಡ್. ಅದರಲ್ಲಿ ಫ್ಲ್ಯಾಶ್ ಮಾತ್ರ ಎರಡು ಇರಬಹುದು, ಮಿಕ್ಕಿದ್ದು ಒಂದೊಂದೇ. ಹೊಗೆ ಹರಡುವ ಸ್ಮೋಕ್ 300 ಡಾಲರ್, ಫ್ಲ್ಯಾಶ್ 200, ಎಚ್‌ಇ 300, ಟಿ ಕಡೆಯವರ ಬೆಂಕಿ ಗ್ರೆನೇಡ್ ಮೊಲೊಟೊವ್ (ಮೊಲಿ) 400. ಒಂದು ಸ್ಮೋಕ್, ಒಂದು ಮೊಲಿ, ಎರಡು ಫ್ಲ್ಯಾಶ್ ತಗೊಂಡರೆ 1100. ಎಕೆ-47 ಬಂದೂಕು 2700, ಹೆಲ್ಮೆಟ್ ಸಮೇತ ಕವಚ 1000. ಅಂದರೆ 4800 ಇದ್ದವನು ಪೂರ್ತಿ ಸಜ್ಜಾಗಿ ಬರುತ್ತಾನೆ. ಹಿಂದಿನ ರೌಂಡಲ್ಲಿ ಬಂದೂಕು ಕಳೆದುಕೊಂಡ ತಂಡ ಈ ಸಲ ಎಕೆ ಹಿಡಿದು ಬಂದರೆ ಅವರ ಹತ್ತಿರ ಗ್ರೆನೇಡ್ ಕಡಿಮೆ ಇರುತ್ತೆ ಅಂತ ಧೈರ್ಯವಾಗಿ ಮುಂದೆ ನಿಲ್ಲುತ್ತೇನೆ. ಸತತ ಎರಡು ರೌಂಡ್ ಗೆದ್ದವರ ಮುಂದೆ ಆ ಧೈರ್ಯ ಬೇಡ.

ಎಚ್‌ಇ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ, ಹೆದರಬೇಕಾದಾಗ ಹೆದರೋದಿಲ್ಲ. ಕವಚ ಇಲ್ಲದವನಿಗೆ ಸರಿಯಾಗಿ ಕಾಲ ಬಳಿ ಸಿಡಿದರೆ ನೂರರಲ್ಲಿ 98ರ ತನಕ ಹೆಲ್ತ್ ಹೋಗುತ್ತೆ, ಕವಚ ಇದ್ದರೆ 57. ದೂರ ಹೆಚ್ಚಿದಂತೆ ಬೇಗ ಇಳಿಯುತ್ತೆ. ಒಂದು ಎಚ್‌ಇಯಿಂದ ಕವಚ ಇದ್ದವನು ಸಾಯೋದಿಲ್ಲ. ಎರಡು ಒಟ್ಟಿಗೆ ಬಿದ್ದರೆ 114, ಕಥೆ ಮುಗೀತು. ಒಂದೇ ಮೂಲೆಯಲ್ಲಿ ಸತತ ಮೂರು ರೌಂಡ್ ಕೂತವನ ಮೇಲೆ ನಾಲ್ಕನೇ ರೌಂಡಲ್ಲಿ ಮೂರು ಜನ ಒಟ್ಟಿಗೆ ಎಸೆಯುತ್ತಾರೆ. ಅದಕ್ಕೇ ಒಂದು ಜಾಗದಿಂದ ಕೊಂದಿದ್ದರೆ ಮುಂದಿನ ರೌಂಡಿಗೆ ಅಲ್ಲಿಂದ ಏಳೆಂಟು ಹೆಜ್ಜೆ ಸರಿಯುತ್ತೇನೆ. ಇನ್ನೊಂದು, ಜೊತೆಗಾರನಿಗೆ ಅಂಟಿಕೊಂಡು ನಿಲ್ಲಬಾರದು. ಎದುರಿನವನ 300 ಡಾಲರಿಗೆ ಇಬ್ಬರ ಹೆಲ್ತ್ ಅರ್ಧಕ್ಕೆ ಇಳಿಯೋದು ತೀರಾ ಅಗ್ಗದ ವ್ಯಾಪಾರ.

ಇನ್ಫರ್ನೋ ಮ್ಯಾಪಿನ ಬನಾನಾದಲ್ಲಿ ಇದೆಲ್ಲ ಒಂದೇ ಕಡೆ ಕಾಣಸಿಗುತ್ತೆ. ಬಾಂಬ್ ಇಡುವ ಬಿ ಸೈಟಿಗೆ ಹೋಗುವ ಬಾಗಿದ ಕಿರಿದಾದ ದಾರಿ ಅದು. ರೌಂಡಿನ ಗಡಿಯಾರ 1:55ರಿಂದ ಕೆಳಗೆ ಇಳಿಯೋಕೆ ಶುರುವಾದರೆ ಮೊದಲ ಹದಿನೈದು ಸೆಕೆಂಡಿನೊಳಗೆ ಎರಡೂ ಕಡೆಯ ಮೊದಲ ಎಸೆತಗಳು ಅಲ್ಲಿ ಬಿದ್ದಾಗಿರುತ್ತೆ. ಸಿಟಿ ಕಡೆ ಆಡುವಾಗ ನಾನು ಮಾಡೋದು ಇಷ್ಟು: ಸೈಟಿನ ಬಾಯಲ್ಲಿ ಗೋಡೆಯ ಮರೆಯಲ್ಲೇ ನಿಂತು ಬೆಂಕಿ ಗ್ರೆನೇಡನ್ನು ದಾರಿಯ ಮಧ್ಯಕ್ಕೆ ಎಸೆಯುತ್ತೇನೆ, ಎಸೆದ ತಕ್ಷಣ ಹಿಂದೆ ಸರಿಯುತ್ತೇನೆ. ಹೊಸಬರು ಇಲ್ಲೇ ಎಡವೋದು. ಎಸೆದು, ಹೇಗೆ ಹತ್ತಿಕೊಂಡಿತು ಅಂತ ನೋಡುತ್ತಾ ನಿಲ್ಲುತ್ತಾರೆ. ಆ ಹೊತ್ತಿಗೆ ಬೆಂಕಿಯ ಆಚೆಯಿಂದ ಫ್ಲ್ಯಾಶ್ ಬಂದು ಕಣ್ಣ ಮುಂದೆಯೇ ಸಿಡಿಯುತ್ತೆ. ಬೆಂಕಿ ಉರಿಯೋದು ಕೆಲವೇ ಸೆಕೆಂಡು. ಅದು ಉರಿಯುವಾಗ ಮುಖ ತೋರಿಸುವ ಕೆಲಸವೇ ಇಲ್ಲ. ಕಿವಿ ಕೊಟ್ಟು ಕೇಳುತ್ತಾ ಇರೋದು, ಕೊನೆಯ ಎರಡು ಸೆಕೆಂಡಿಗೆ ಬಂದೂಕು ಎತ್ತೋದು.

ಬೆಂಕಿ ನಮ್ಮ ಮೇಲೆಯೇ ಬಿದ್ದರೆ? ಕವಚ ಬೆಂಕಿಯನ್ನು ತಡೆಯೋದಿಲ್ಲ, ಇದು ನೆನಪಿರಲಿ. ಒಳಗೇ ನಿಂತರೆ ಮೂರ್ನಾಲ್ಕು ಸೆಕೆಂಡಲ್ಲಿ ಹೆಲ್ತ್ ಪೂರ್ತಿ ಖಾಲಿ. ಎರಡೇ ದಾರಿ. ಕೈಯಲ್ಲಿ ಸ್ಮೋಕ್ ಇಲ್ಲದಿದ್ದರೆ ಮೊದಲ ಕ್ಷಣದಲ್ಲೇ ಹೊರಗೆ ಓಡಬೇಕು, ಯಾವ ಕಡೆಗೆ ಅನ್ನೋದು ಅಲ್ಲಿ ನಿಲ್ಲುವ ಮುಂಚೆಯೇ ಗೊತ್ತಿರಬೇಕು. ಗೊತ್ತಿಲ್ಲದವನು ಬೆಂಕಿಯ ಉದ್ದಕ್ಕೂ ಓಡುತ್ತಾನೆ, ಅಗಲಕ್ಕಲ್ಲ. ಸ್ಮೋಕ್ ಇದ್ದರೆ ನೆಲ ನೋಡಿ ಬಲ ಕ್ಲಿಕ್ ಒತ್ತಿ ಕಾಲ ಬಳಿಗೇ ಮೆಲ್ಲಗೆ ಬಿಡೋದು. ಎಡ ಕ್ಲಿಕ್ಕಿನಲ್ಲಿ ಎಸೆದರೆ ಪುಟಿದು ದೂರ ಹೋಗುತ್ತೆ, ನಾವು ಮಾತ್ರ ಸುಡುತ್ತಾ ಇರುತ್ತೇವೆ. ಹೊಗೆ ತಗುಲಿದ ಬೆಂಕಿ ತಕ್ಷಣ ಆರುತ್ತೆ. ಆದರೆ ಆರಿತಲ್ಲ ಅಂತ ಅಲ್ಲೇ ನಿಲ್ಲಬೇಡಿ. ಎಸೆದವನಿಗೆ ನೀವು ಆ ಹೊಗೆಯೊಳಗೇ ಇದ್ದೀರಿ ಅಂತ ಗೊತ್ತು, ಗುಂಡಿನ ಮಳೆ ಬರುತ್ತೆ. ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಕೂರೋದು ಒಳ್ಳೇದು.

ಸ್ಮೋಕ್ ಉಳಿಯೋದು 18ರಿಂದ 20 ಸೆಕೆಂಡು. ಎದುರಿನವರ ಹೊಗೆ ಬಿದ್ದ ಕೂಡಲೇ ಮೇಲಿನ ಗಡಿಯಾರ ನೋಡಿ 20 ಕಳೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. 1:32ಕ್ಕೆ ಬಿದ್ದರೆ 1:12. ಆ ಸಮಯಕ್ಕೆ ಮುಂಚೆ ಅದರ ಎದುರು ಕಣ್ಣು ಬಿಟ್ಟುಕೊಂಡು ನಿಲ್ಲುವ ಬದಲು ಬೇರೆ ಕೋನ ಕಾಯಬಹುದು. ಇದಕ್ಕೂ ಮುಂಚಿನ ಆಟವಾದ ಗ್ಲೋಬಲ್ ಆಫೆನ್ಸಿವ್‌ನಲ್ಲಿ ಹೊಗೆ ಅಂದರೆ ಗೋಡೆ ಇದ್ದ ಹಾಗೆ. 2023ರ ಸೆಪ್ಟೆಂಬರಿನಲ್ಲಿ ಬಂದ ಈ ಆಟದಲ್ಲಿ ಹಾಗಲ್ಲ. ಗುಂಡು ಹೋದ ದಾರಿಯಲ್ಲಿ ಚಣಕಾಲ ತೂತು ಬೀಳುತ್ತೆ, ಎಚ್‌ಇ ಸಿಡಿದರೆ ಹೊಗೆ ಎರಡು ಮೂರು ಸೆಕೆಂಡು ಚದುರಿ ಮತ್ತೆ ಕೂಡಿಕೊಳ್ಳುತ್ತೆ. ಎದುರಿನವರು ಹೊಗೆ ಹಾಕಿ ನುಗ್ಗಲು ತಯಾರಾಗುತ್ತಿದ್ದಾರೆ ಅನ್ನಿಸಿದರೆ ಎಚ್‌ಇಯನ್ನು ಹೊಗೆಯ ನಡುವಿಗೇ ಎಸೆಯುತ್ತೇನೆ. ದೂರದಿಂದ ಹೊಡೆಯುವ ಎಡಬ್ಲ್ಯುಪಿ ಬಂದೂಕು ಹಿಡಿದ ಜೊತೆಗಾರನಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಆ ಎರಡು ಸೆಕೆಂಡು ದಂಡ. ನಮ್ಮದೇ ಹೊಗೆಯನ್ನು ಅವರೂ ಹೀಗೇ ತೆರೆಯುತ್ತಾರೆ, ಹಾಗಾಗಿ ಹೊಗೆಯ ಹಿಂದೆ ನಡುಮಧ್ಯೆ ನಿಲ್ಲೋದನ್ನು ಬಿಟ್ಟಿದ್ದೇನೆ.

ಫ್ಲ್ಯಾಶ್‌ನಿಂದ ತಪ್ಪಿಸಿಕೊಳ್ಳೋದು ಅರ್ಧ ಕಿವಿಯ ಕೆಲಸ, ಅರ್ಧ ಮೌಸ್‌ಪ್ಯಾಡಿನ ಕೆಲಸ. ಗೋಡೆಗೆ ತಾಗಿ ಪುಟಿಯುವ ಟಿಂಕ್ ಅನ್ನುವ ಸದ್ದು ಕೇಳಿದರೆ ತಿರುಗಲು ಸಮಯ ಇದೆ. ಪೂರ್ತಿ 180 ಡಿಗ್ರಿ ತಿರುಗಬೇಕಿಲ್ಲ, ಸಿಡಿಯುವ ಜಾಗ ಪರದೆಯಿಂದ ಹೊರಗೆ ಹೋಗಿ ಭುಜದ ಹಿಂದೆ ಬಂದರೆ ಸಾಕು, ಕುರುಡು ಬಹಳ ಕಡಿಮೆಯಾಗುತ್ತೆ. ಮೌಸಿನಲ್ಲಿ 400 ಡಿಪಿಐ (ಮೌಸಿನ ಸೂಕ್ಷ್ಮತೆಯ ಅಳತೆ), ಆಟದೊಳಗೆ ಸೆನ್ಸಿಟಿವಿಟಿ 2 ಇಟ್ಟರೆ ಒಂದು ಪೂರ್ತಿ ಸುತ್ತಿಗೆ ಮೌಸ್ 52 ಸೆಂಟಿಮೀಟರ್ ಸರಿಯಬೇಕು. 180 ಡಿಗ್ರಿಗೆ 26, 120 ಡಿಗ್ರಿಗೆ 17 ಚಿಲ್ಲರೆ. ಸಣ್ಣ ಪ್ಯಾಡಿನ ಮೇಲೆ 26 ಸಿಗೋದಿಲ್ಲ, ಮೌಸ್ ಎತ್ತಿ ಇಡುವಷ್ಟರಲ್ಲಿ ಬಿಳಿ ಪರದೆ. ಹಾಗಾಗಿ ನಾನು 120ಕ್ಕೇ ಕೈ ಪಳಗಿಸಿದ್ದೇನೆ, ತಿರುಗಿದಷ್ಟೇ ಅಳತೆಯಲ್ಲಿ ವಾಪಸ್. ಕ್ರಾಸ್‌ಹೇರ್ (ಪರದೆಯ ಮೇಲಿನ ಗುರಿಯ ಗುರುತು) ಮತ್ತೆ ಅದೇ ಜಾಗಕ್ಕೆ ಬರಬೇಕು, ಇಲ್ಲದಿದ್ದರೆ ಕಣ್ಣು ಉಳಿದೂ ಪ್ರಯೋಜನ ಇಲ್ಲ.

ಗೋಡೆಯ ಅಂಚಲ್ಲಿ ಹೊರಬಂದ ಕೂಡಲೇ ಸಿಡಿಯುವ ಫ್ಲ್ಯಾಶ್‌ಗೆ ಮಾತ್ರ ಇದೆಲ್ಲ ಉಪಯೋಗಕ್ಕೆ ಬರೋದಿಲ್ಲ. ಅಂಥದ್ದು ಬರುವ ಕೋನಗಳಲ್ಲಿ ಒಬ್ಬನೇ ಕಾಯೋದಿಲ್ಲ. ನನಗೆ ಕಣ್ಣು ಹೋದರೂ ಬೇರೆ ದಿಕ್ಕು ನೋಡುತ್ತಿರುವ ಇನ್ನೊಬ್ಬನಿಗೆ ಕಾಣುತ್ತಿರಬೇಕು. ಕಣ್ಣು ಹೋದ ಕೂಡಲೇ ಗುಂಡು ಹಾರಿಸುತ್ತಾ ನಿಲ್ಲೋದು ಅಂದರೆ ನಾನಿಲ್ಲೇ ಇದ್ದೇನೆ ಅಂತ ಕೂಗಿ ಹೇಳಿದ ಹಾಗೆ. ಮರೆಗೆ ಸರಿದು, ಜೊತೆಗಾರರಿಗೆ ಕಾಲ್ ಕೊಟ್ಟು (ಮೈಕಲ್ಲಿ ಹೇಳಿ), ಕಾಯೋದು.

ಕಾಲ್ ಅಂದೆನಲ್ಲ, ಚೆನ್ನೈ, ಮುಂಬೈ ಸರ್ವರ್‌ಗಳಲ್ಲಿ ಗೊತ್ತಿಲ್ಲದವರ ಜೊತೆ ಆಡಿದರೆ ತಂಡದಲ್ಲಿ ಹಿಂದಿ, ತಮಿಳು, ಇಂಗ್ಲಿಷ್ ಎಲ್ಲ ಬೆರೆತಿರುತ್ತೆ. ಉದ್ದ ವಾಕ್ಯ ಯಾರಿಗೂ ತಲುಪೋದಿಲ್ಲ. ‘ಬನಾನಾ, ಮೊಲಿ’, ‘ನಾನು ಬ್ಲೈಂಡ್’, ಇಷ್ಟೇ. ನಮ್ಮವರೇ ಇದ್ದರೆ ‘ಫ್ಲ್ಯಾಶ್, ತಿರುಗೋ’ ಅನ್ನೋದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತೆ. ಸ್ವಂತ ತಂಡದ ಫ್ಲ್ಯಾಶ್‌ನಿಂದ ಆಗುವ ನಷ್ಟ ಎದುರಾಳಿಯದ್ದಕ್ಕಿಂತ ಕಡಿಮೆ ಏನಲ್ಲ.

ಬಾಂಬ್ ಇಟ್ಟ ಮೇಲಿನ ಲೆಕ್ಕ ಬೇರೆ, ಪೂರ್ತಿ ಕೂಡಿ ಕಳೆಯೋದೇ. ಬಾಂಬಿಗೆ 40 ಸೆಕೆಂಡು. ಸಿಟಿ ಕಡೆಯವನ ಹತ್ತಿರ ಕಿಟ್ ಇದ್ದರೆ ಡಿಫ್ಯೂಸ್‌ಗೆ (ಬಾಂಬ್ ನಿಷ್ಕ್ರಿಯ ಮಾಡೋಕೆ) 5, ಇಲ್ಲದಿದ್ದರೆ 10. ದೂರ ನಿಂತ ಟಿ ಒಬ್ಬ ಲೈನ್‌ಅಪ್ (ಮೊದಲೇ ಕಲಿತಿಟ್ಟ ಎಸೆತದ ಗುರಿ) ಇಟ್ಟುಕೊಂಡು ಮೊಲೊಟೊವ್ ಬಾಂಬಿನ ಮೇಲೆಯೇ ಬೀಳಿಸುತ್ತಾನೆ, ಅದಕ್ಕೆ 7 ಸೆಕೆಂಡು. ಆದ್ದರಿಂದ ಕಿಟ್ ಇದ್ದವನು 15 ಸೆಕೆಂಡು ಬಾಕಿ ಇರುವಾಗಲೇ ಒಮ್ಮೆ ಡಿಫ್ಯೂಸ್ ಒತ್ತಿ ಬಿಡಬೇಕು. ಸದ್ದು ಕೇಳಿ ಅವನು ಮೊಲಿ ಎಸೆಯುತ್ತಾನೆ, ಬೆಂಕಿ ಉರಿದು ಆರುತ್ತೆ, ಉಳಿದ ಎಂಟರಲ್ಲಿ ಐದು ನಮ್ಮದು. ಕಿಟ್ ಇಲ್ಲದವನಿಗೆ ಈ ಆಟ 20ಕ್ಕೇ ಶುರುವಾಗಬೇಕು. ಇನ್ನೊಬ್ಬ ಟಿ ಹತ್ತಿರವೂ ಮೊಲಿ ಇದ್ದರೆ ಎರಡೂ ಲೆಕ್ಕ ಕೈಕೊಡುತ್ತೆ. ಅದಕ್ಕೇ ರೀಟೇಕ್‌ಗೆ (ಸೈಟನ್ನು ವಾಪಸ್ ಪಡೆಯೋಕೆ) ಹೋಗುವ ಮುಂಚೆ ಒಂದು ಸ್ಮೋಕ್ ಉಳಿಸಿಕೊಂಡಿರುತ್ತೇನೆ. ಮೊದಲೇ ಬಾಂಬಿನ ಮೇಲೆ ಹೊಗೆ ಹಾಕಿದರೆ ಅದರೊಳಗೆ ಬಿದ್ದ ಮೊಲೊಟೊವ್ ಹತ್ತಿಕೊಳ್ಳೋದೇ ಇಲ್ಲ. ನಮ್ಮಲ್ಲಿ ಸ್ಮೋಕ್ ಇಲ್ಲದಿದ್ದರೆ ಜೊತೆಗಾರನದ್ದನ್ನು ಕೇಳಿ. ಕೆಳಗೆ ಹಾಕಿ ಕೊಡುವ ಸೌಲಭ್ಯ 2021ರಿಂದಲೇ ಇದೆ, ಆದರೂ ಬಹಳ ಜನ ಕೊಡದೆ ಹಿಡಿದುಕೊಂಡೇ ಸಾಯುತ್ತಾರೆ.

ಡಿಕಾಯ್ ಅನ್ನೋ ಮೋಸದ ಗ್ರೆನೇಡ್ 50 ಡಾಲರ್, ಬಂದೂಕಿನ ಸದ್ದು ಮಾಡುತ್ತೆ. ಕಾಸಿಗೆ ತಕ್ಕ ಕಜ್ಜಾಯ.

ಅಭ್ಯಾಸಕ್ಕೆ ಪ್ರಾಕ್ಟೀಸ್ ಮೋಡ್ ಇದೆ, ಗ್ರೆನೇಡ್ ಎಲ್ಲಿ ಬೀಳುತ್ತೆ ಅಂತ ಸಣ್ಣ ಕಿಟಕಿಯಲ್ಲಿ ತೋರಿಸುತ್ತೆ. ಹಾರಿ ಎಸೆಯೋದಕ್ಕೆ ಅಂತ ಮೊದಲೆಲ್ಲ ಒಂದೇ ಕೀಗೆ ಎರಡೂ ಕೆಲಸ ಕಟ್ಟಿಕೊಳ್ಳುತ್ತಿದ್ದರು. 2024ರ ಆಗಸ್ಟಿನಲ್ಲಿ ಆಟ ತಯಾರಿಸಿದ ವಾಲ್ವ್ ಕಂಪನಿ ಅಂಥ ಬೈಂಡ್‌ಗಳನ್ನು ತನ್ನ ಸರ್ವರ್‌ಗಳಲ್ಲಿ ನಿಲ್ಲಿಸಿತು, ಕೈಯಲ್ಲೇ ಕಲಿಯಬೇಕು. ಆದರೆ ಬರೀ ಎಸೆಯೋದನ್ನು ಕಲಿತರೆ ಅರ್ಧ ಪಾಠ. ಗೆಳೆಯನೊಬ್ಬನನ್ನು ಕರೆದು ಬನಾನಾದ ಆಚೆ ನಿಲ್ಲಿಸಿ, ಹತ್ತು ನಿಮಿಷ ಅವನಿಗೆ ಮನಸ್ಸಿಗೆ ಬಂದ ಹಾಗೆ ಫ್ಲ್ಯಾಶ್, ಎಚ್‌ಇ, ಮೊಲಿ ಎಸೆಯಲು ಹೇಳಿ. ಸದ್ದು ಕೇಳಿ ಯಾವುದು ಅಂತ ಬಾಯಲ್ಲಿ ಹೇಳುತ್ತಾ ಸರಿಯೋದು. ಪರದೆ ನೋಡದೆ, ಕಿವಿಯಿಂದಲೇ ಹತ್ತಕ್ಕೆ ಎಂಟು ಸರಿ ಹೇಳುವ ತನಕ.