ಮಲೆನಾಡಿನ ಮನೆಯ ಹವಳದ ಟ್ಯಾಂಕಿಗೆ ಎಲ್‌ಇಡಿ ಲೈಟ್ ಆಯ್ಕೆ ಮಾಡುವುದು ಹೇಗೆ?

ತೀರ್ಥಹಳ್ಳಿಯಲ್ಲಿ ನನ್ನದು ಟಿವಿ, ಯುಪಿಎಸ್, ಸ್ಟೆಬಿಲೈಸರ್ ರಿಪೇರಿ ಅಂಗಡಿ. ಒಳಕೋಣೆಯಲ್ಲಿ ಎರಡಡಿ ಉದ್ದದ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೇನೆ. ಹಾಗಾಗಿ ಈ ಕಡೆ ಯಾರ ಅಕ್ವೇರಿಯಂ ಲೈಟ್ ಕೆಟ್ಟರೂ ಅದು ನನ್ನ ಮೇಜಿಗೇ ಬರುತ್ತದೆ. ಹೊಸದಾಗಿ ಕೊಳ್ಳುವವರು ಕೇಳುವುದು ಮಾತ್ರ ಒಂದೇ ಪ್ರಶ್ನೆ: "ಅಣ್ಣಾ, ಎಷ್ಟು ವ್ಯಾಟಿಂದು ತಗೊಳ್ಳಲಿ?"

ವ್ಯಾಟ್ ಕೊನೆಗೆ ಕೇಳುವ ಪ್ರಶ್ನೆ. ಟ್ಯಾಂಕಿನಲ್ಲಿ ಏನು ಸಾಕುತ್ತೀರಿ ಅನ್ನುವುದು ಮೊದಲು. ಆ ಲೈಟು ನಮ್ಮ ಮಳೆಗಾಲ ತಡೆಯುತ್ತದಾ ಅನ್ನುವುದು ಆಮೇಲೆ. ಇವೆರಡು ಇತ್ಯರ್ಥವಾದರೆ ಅರ್ಧಕ್ಕರ್ಧ ಮಾಡೆಲ್‌ಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಏನು ಸಾಕುತ್ತೀರಿ?

ಹೊರದೇಶದ ವಿಡಿಯೊ ನೋಡಿ ಲೈಟ್ ತರಿಸುವವರು ಒಂದು ವಿಷಯ ಮರೆಯುತ್ತಾರೆ. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಷೆಡ್ಯೂಲಿನಲ್ಲಿವೆ. 2001ರಲ್ಲಿ ಸೇರಿಸಿದ್ದು. ಹುಲಿ, ಆನೆ ಇರುವ ಅದೇ ಪಟ್ಟಿ. ವಿಡಿಯೊಗಳಲ್ಲಿ ಮೆರೆಯುವ ಆಕ್ರೊಪೊರಾ, ಮಾಂಟಿಪೊರಾ, ಹ್ಯಾಮರ್, ಟಾರ್ಚ್ ಎಲ್ಲವೂ ಗಟ್ಟಿ ಹವಳಗಳೇ. ಬೆಂಕಿ ಹವಳ, ಕಪ್ಪು ಹವಳ, ಸಮುದ್ರದ ಬೀಸಣಿಗೆ ಇವೂ ಅದರಲ್ಲಿ ಬರುತ್ತವೆ. ಯಾರಾದರೂ ಗುಟ್ಟಾಗಿ ಕೊಡುತ್ತೇನೆಂದರೂ ಬೇಡ. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಮುಳುಗಿ ನೋಡಿ ಬನ್ನಿ, ಒಂದು ಚೂರನ್ನೂ ತರಬೇಡಿ.

ಉಳಿಯುವುದು ಮಶ್ರೂಮ್, ಜೊವಾಂತಿಡ್, ಲೆದರ್, ಜೀನಿಯಾ ತರಹದ ಮೆತ್ತನೆಯ ಜಾತಿಗಳು. ಇವನ್ನು ಬಿಲ್ ಕೊಡುವ ಅಂಗಡಿಯಿಂದಲೇ ತನ್ನಿ. ಲೈಟಿನ ಲೆಕ್ಕ ಬದಲಾಗುವುದು ಇಲ್ಲೇ. ಹವಳದ ಬೆಳಕನ್ನು ಅಳೆಯುವುದು ಪಾರ್ ಎಂಬ ಅಳತೆಯಲ್ಲಿ. 400ರಿಂದ 700 ನ್ಯಾನೊಮೀಟರ್ ಅಲೆಯುದ್ದದ, ಅಂದರೆ ನೇರಳೆಯಿಂದ ಕೆಂಪಿನವರೆಗಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂದು ಮೈಕ್ರೊಮೋಲ್ ಎಂಬ ದೊಡ್ಡ ಗುಂಪುಗಳಲ್ಲಿ ಎಣಿಸುವ ಲೆಕ್ಕ ಅದು. ನಡುಮಧ್ಯಾಹ್ನದ ಬಯಲು ಬಿಸಿಲಿನಲ್ಲಿ ಸುಮಾರು 2000 ಇರುತ್ತದೆ. ಕವಲೊಡೆಯುವ ಗಟ್ಟಿ ಹವಳಕ್ಕೆ 200ರಿಂದ 350 ಕೊಡುತ್ತಾರೆ. ಮಶ್ರೂಮಿಗೆ 50ರಿಂದ 100 ಧಾರಾಳ. ಜೊವಾಂತಿಡ್, ಲೆದರ್‌ಗಳಿಗೆ 150ರ ಒಳಗೆ ಸಾಕು.

ಅಂದರೆ ವಿಡಿಯೊದವರು ಹೇಳುವ ಬೆಳಕಿನ ಅರ್ಧ ನಿಮಗೆ ಬೇಕಾಗುವುದಿಲ್ಲ. ಅಷ್ಟು ದುಡ್ಡೂ ಬೇಕಾಗುವುದಿಲ್ಲ, ಅಲ್ವಾ?

ನೀಲಿ ಯಾಕೆ ಜಾಸ್ತಿ?

ಸಮುದ್ರದಲ್ಲಿ ಕೆಳಗಿಳಿದಂತೆ ಮೊದಲು ಮಾಯವಾಗುವುದು ಕೆಂಪು. ಕೆಲವೇ ಮೀಟರ್ ಆಳದಲ್ಲಿ ಕೆಂಪು ಅಂಗಿ ಕಂದಾಗಿ, ಆಮೇಲೆ ಕಪ್ಪಾಗಿ ಕಾಣುತ್ತದೆ. ನೀಲಿ ಮಾತ್ರ ತುಂಬ ಕೆಳಗಿನವರೆಗೆ ಇಳಿಯುತ್ತದೆ. ಹವಳದ ಮೈಯೊಳಗೆ ಇರುವ ಪಾಚಿ ಆ ನೀಲಿಯನ್ನೇ ಹಿಡಿದು ಆಹಾರ ಮಾಡುತ್ತದೆ. ಅದರಲ್ಲಿ ಒಂದು ಪಾಲು ಹವಳಕ್ಕೆ. ಹಾಗಾಗಿ ಡಬ್ಬದ ಮೇಲೆ ನೋಡಬೇಕಾದದ್ದು ರಾಯಲ್ ಬ್ಲೂ, ಅಂದರೆ 445ರಿಂದ 455 ನ್ಯಾನೊಮೀಟರ್ ಎಲ್‌ಇಡಿಗಳು. ಅವು ಹೆಚ್ಚು ಇರಲಿ. ಜೊತೆಗೆ 470ರ ಆಸುಪಾಸಿನ ನೀಲಿ, 400ರಿಂದ 420ರ ನೇರಳೆ ಸ್ವಲ್ಪ, ಕಣ್ಣಿಗೆ ಹಿತವಾಗುವಷ್ಟು ಬಿಳಿ. ಕೆಂಪು, ಹಸಿರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅವು ನಮ್ಮ ಕಣ್ಣಿಗೆ ಬೇಕಾದವು.

ನೀಲಿಗೂ ಬಿಳಿಗೂ ಬೇರೆ ಬೇರೆ ಗುಂಡಿ ಇರಲೇಬೇಕು. ಒಂದೇ ಸ್ವಿಚ್ಚಿನ ಲೈಟ್ ಬೇಡ. ಅಂಗಡಿಯಲ್ಲಿ ಪೂರ್ತಿ ನೀಲಿ ಹಾಕಿ ತೋರಿಸುತ್ತಾರೆ. ಆಗ ಎಲ್ಲವೂ ಹೊಳೆಯುತ್ತದೆ, ಬಣ್ಣದ ಕಾಗದವೂ ಹೊಳೆಯುತ್ತದೆ. ಬಿಳಿಯನ್ನೂ ಅರ್ಧಕ್ಕೆ ಏರಿಸಿ ನೋಡಿ. ದಿನಾ ನೋಡುವುದು ನೀವು.

ಡಬ್ಬದ ಮೇಲಿನ ವ್ಯಾಟ್

ಆನ್‌ಲೈನಿನಲ್ಲಿ ಎಲ್ಲೆಲ್ಲೂ ಕಾಣುವ ಕರಿ ಡಬ್ಬಿಯೊಂದಿದೆ. ಮೇಲೆ 165 ವ್ಯಾಟ್ ಎಂದು ಬರೆದಿರುತ್ತದೆ. ಒಳಗೆ 55 ಎಲ್‌ಇಡಿ, ಒಂದೊಂದು 3 ವ್ಯಾಟಿನದು. 55 ಗುಣಿಸು 3, ಅಷ್ಟೇ ಅದರ ಗುಟ್ಟು. ಆ 3 ವ್ಯಾಟ್ ಅನ್ನುವುದು ಚಿಪ್ಪಿನ ತಾಕತ್ತು, ಅದು ನಿಜವಾಗಿ ಎಳೆಯುವ ಕರೆಂಟ್ ಅಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಎನರ್ಜಿ ಮೀಟರ್ ಹಾಕಿ ನೋಡಿದರೆ ಎರಡು ಗುಂಡಿಯನ್ನೂ ಪೂರ್ತಿ ತಿರುಗಿಸಿದರೂ ಬರೆದ ಸಂಖ್ಯೆಗಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ಹಾಗಂತ ಆ ಡಬ್ಬಿ ಕೆಟ್ಟದ್ದು ಅಂತಲ್ಲ. ಮೆತ್ತನೆಯ ಹವಳಕ್ಕೆ ಅದನ್ನು ಪೂರ್ತಿ ಉರಿಸುವ ಪ್ರಸಂಗವೇ ಬರುವುದಿಲ್ಲ. ಎರಡು ಲೈಟ್ ಹೋಲಿಸುವಾಗ ಮೀಟರ್ ತೋರಿಸಿದ ವ್ಯಾಟನ್ನು ಹೋಲಿಸಿ, ಬರೆದದ್ದನ್ನಲ್ಲ.

ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇಟ್ಟುಕೊಳ್ಳಿ. ಸುಮಾರು 127 ಲೀಟರ್. ಮರಳು, ಮೇಲಿನ ಖಾಲಿ ಜಾಗ ಕಳೆದರೆ ಬೆಳಕು ಇಳಿಯಬೇಕಾದ ನೀರು ಒಂದೂಕಾಲು ಅಡಿ ಮಾತ್ರ. ನಿಜವಾಗಿ 50ರಿಂದ 60 ವ್ಯಾಟ್ ಎಳೆಯುವ ಒಂದು ಒಳ್ಳೆಯ ಲೈಟ್ ಇದಕ್ಕೆ ಸಾಕು, ಇನ್ನೂ ಮಿಗುತ್ತದೆ. 60 ವ್ಯಾಟನ್ನು ದಿನಕ್ಕೆ 9 ಗಂಟೆ ಉರಿಸಿದರೆ ತಿಂಗಳಿಗೆ 16 ಯೂನಿಟ್ ಚಿಲ್ಲರೆ. ಟ್ಯಾಂಕ್ ಮೂರು ನಾಲ್ಕು ಅಡಿ ಉದ್ದ ಇದ್ದರೆ ಒಂದು ದೊಡ್ಡದರ ಬದಲು ಎರಡು ಚಿಕ್ಕವು ಹಾಕಿ. ಕಲ್ಲಿನ ಹಿಂದೆ ನೆರಳು ಕಡಿಮೆಯಾಗುತ್ತದೆ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ರಿಪೇರಿಗೆ ಬಿಟ್ಟವರು ಟ್ಯಾಂಕ್ ಕತ್ತಲಲ್ಲಿದೆ ಅಂತ ಬೆಳಗ್ಗೆ, ಸಂಜೆ ಫೋನ್ ಮಾಡುವುದನ್ನು ನೋಡಿದ ಮೇಲೆ ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಲೆನ್ಸ್ 90ರಿಂದ 120 ಡಿಗ್ರಿಯದು ಇರಲಿ. ಅದಕ್ಕಿಂತ ಕಿರಿದಾದರೆ ನಡುವೆ ಸುಡುತ್ತದೆ, ಮೂಲೆಯಲ್ಲಿ ಕತ್ತಲೆ. ನೀರಿನಿಂದ 8ರಿಂದ 10 ಇಂಚು ಮೇಲೆ ಕಟ್ಟಿ. ಹಂಚಿನ ಮನೆಯವರಿಗೆ ಇಲ್ಲಿ ಒಂದು ಅನುಕೂಲ. ತೊಲೆಗೆ ಕೊಕ್ಕೆ ಹೊಡೆದು ತಂತಿಯಲ್ಲಿ ಇಳಿಬಿಟ್ಟರೆ ಸ್ಟ್ಯಾಂಡೂ ಬೇಡ, ಎತ್ತರ ಬದಲಿಸುವುದೂ ಸಲೀಸು.

ಮೊಬೈಲಿನ ಲಕ್ಸ್ ಆ್ಯಪ್ ಬಗ್ಗೆ ಒಂದು ಮಾತು. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಲೆಕ್ಕ. ನಮ್ಮ ಕಣ್ಣಿಗೆ 555 ನ್ಯಾನೊಮೀಟರಿನ ಹಸಿರು ಅತಿ ಹೆಚ್ಚು ಕಾಣುತ್ತದೆ. ಅದಕ್ಕೆ ನೂರು ಅಂಕ ಕೊಟ್ಟರೆ 450ರ ನೀಲಿಗೆ ಸಿಗುವುದು ನಾಲ್ಕೇ ಅಂಕ. ಹವಳಕ್ಕೆ ಹಬ್ಬದೂಟವಾದ ಬೆಳಕು ಲಕ್ಸ್ ಲೆಕ್ಕದಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಆದರೂ ಫೋನು ಒಂದು ಕೆಲಸಕ್ಕೆ ಬರುತ್ತದೆ. ನೀರು ತುಂಬುವ ಮೊದಲು ಖಾಲಿ ಟ್ಯಾಂಕಿನ ತಳದಲ್ಲಿ ಫೋನನ್ನು ಮುಖ ಮೇಲಾಗಿ ಇಡಿ. ನಡುವೆ ಒಮ್ಮೆ, ನಾಲ್ಕು ಮೂಲೆಯಲ್ಲಿ ಒಮ್ಮೊಮ್ಮೆ ಓದಿ. ಗುಂಡಿ ಮುಟ್ಟಬೇಡಿ. ಮೂಲೆಯ ಅಂಕಿ ನಡುವಿನ ಅರ್ಧಕ್ಕಿಂತ ಕೆಳಗೆ ಹೋದರೆ ಲೈಟ್ ಮೇಲೆತ್ತಿ. ನಿಜವಾದ ಪಾರ್ ಬೇಕೆಂದರೆ ನೀರಿನೊಳಗೆ ಇಳಿಸುವ ಅಪೊಜಿ ಎಂಕ್ಯೂ-510 ತರಹದ ಮೀಟರ್ ಬೇಕು. ಒಂದು ಟ್ಯಾಂಕಿಗಾಗಿ ಕೊಳ್ಳುವ ವಸ್ತು ಅಲ್ಲ ಅದು. ಯಾರ ಹತ್ತಿರವಾದರೂ ಇದ್ದರೆ ಒಂದು ಸಂಜೆಗೆ ಎರವಲು ಕೇಳಿ.

ಮಳೆಗಾಲಕ್ಕೆ ತಡೆಯುವ ಲೈಟ್

ಎಲ್‌ಇಡಿ 50,000 ಗಂಟೆ ಬಾಳುತ್ತದೆ ಎಂದು ಡಬ್ಬದ ಮೇಲೆ ಇರುತ್ತದೆ. ದಿನಕ್ಕೆ 9 ಗಂಟೆಯಂತೆ 15 ವರ್ಷ! ನನ್ನ ಮೇಜಿಗೆ ಬರುವ ಲೈಟುಗಳಲ್ಲಿ ಎಲ್‌ಇಡಿ ಸತ್ತಿರುವುದು ಅಪರೂಪ. ಸಾಯುವುದು ಫ್ಯಾನ್, ಇಲ್ಲವೇ ಎಲ್‌ಇಡಿಗೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್.

ಆರಿದ್ರೆ ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಬೆಲ್ಟು, ಚಪ್ಪಲಿಗೂ ಬೂಷ್ಟು ಬರುತ್ತದೆ. ಆ ಥಂಡಿ ಗಾಳಿಯಲ್ಲಿ ಟ್ಯಾಂಕಿನ ಉಪ್ಪು ಹನಿಯೂ ಸೇರಿರುತ್ತದೆ. ಫ್ಯಾನ್ ಅದನ್ನೇ ಒಳಗೆ ಎಳೆಯುತ್ತದೆ. ಮಳೆಗಾಲ ಕಳೆದ ಮೇಲೆ ಇಂಥ ಲೈಟ್ ಬಿಚ್ಚಿದರೆ ಬೋರ್ಡಿನ ಅಂಚಿನಲ್ಲಿ ಹಸಿರು ಕಿಲುಬು, ಫ್ಯಾನಿನ ರೆಕ್ಕೆಗೆ ಬಿಳಿ ಉಪ್ಪಿನ ಪೊರೆ. ಕನೆಕ್ಟರ್ ಎಳೆದರೆ ಪಿನ್ನು ಕೈಗೇ ಬರುತ್ತದೆ. ತಿರುಪು ತಿರುಗುವುದಿಲ್ಲ, ತಲೆ ಮಾತ್ರ ಸವೆಯುತ್ತದೆ.

ಅದಕ್ಕೇ ಫ್ಯಾನ್ ಇಲ್ಲದ, ಬಿಸಿ ಹೊರಹಾಕುವ ದಪ್ಪ ಅಲ್ಯೂಮಿನಿಯಂ ಹೀಟ್ ಸಿಂಕ್ ಇರುವ ಲೈಟ್ ಸಿಕ್ಕರೆ ಅದನ್ನೇ ತಗೊಳ್ಳಿ. ನಮಗೆ ಬೇಕಾದ ಕಡಿಮೆ ವ್ಯಾಟಿನಲ್ಲಿ ಅಂಥವು ಸಿಗುತ್ತವೆ. ಡ್ರೈವರ್ ಲೈಟಿನ ಒಳಗಿರದೆ ಉದ್ದ ವೈರಿನಲ್ಲಿ ಬೇರೆ ಇರಲಿ. ಅದನ್ನು ಗೋಡೆ ಮೇಲೆ, ಟ್ಯಾಂಕಿನಿಂದ ದೂರ ಕೂರಿಸಬಹುದು. ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕ್ಯಾಪಾಸಿಟರ್ ಉಬ್ಬಿದ್ದರೆ ರಿಪೇರಿ ಖರ್ಚು ತೀರಾ ಕಡಿಮೆ. ಡ್ರೈವರಿನ ಲೇಬಲ್ ಮೇಲೆ ಎರಡು ಸಾಲು ಓದಿ. ಇನ್‌ಪುಟ್ 100–240 ವೋಲ್ಟ್ ಎಂದಿರಬೇಕು. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಕುಸಿಯುತ್ತದಲ್ಲ, ಬರೀ 220–240 ಎಂದಿರುವುದು ಆಗ ಮಿಣುಕುತ್ತದೆ. ಐಪಿ 65 ಎಂದಿದ್ದರೆ ದೂಳು ಹೋಗುವುದಿಲ್ಲ, ನೀರು ಚಿಮ್ಮಿದರೂ ತಡೆಯುತ್ತದೆ. ಐಪಿ 67 ಆದರೆ ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ಪರವಾಗಿಲ್ಲ. ಔಟ್‌ಪುಟ್ ವೋಲ್ಟ್, ಮಿಲಿಆ್ಯಂಪ್ ಎರಡನ್ನೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಅಕ್ಷರ ಅಳಿಸಿಹೋಗಿರುತ್ತದೆ.

ಕೆಸಿಲ್, ಎಐ ಪ್ರೈಮ್, ರೇಡಿಯಾನ್ ಇವೆಲ್ಲ ಹೆಸರುವಾಸಿ. ಬೆಳಕು ಚೆನ್ನಾಗಿದೆ, ಮಾತಿಲ್ಲ. ಆದರೆ ಬಿಡಿಭಾಗ ಇಲ್ಲಿ ಸಿಗುತ್ತದಾ ಕೇಳಿಕೊಂಡು ಮುಂದೆ ಹೋಗಿ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಲೈಟನ್ನು 30 ಶೇಕಡಕ್ಕೆ ಇಟ್ಟು ಪ್ಲಗ್ ಎಳೆಯಿರಿ. ಹತ್ತು ಎಣಿಸಿ ಮತ್ತೆ ಹಾಕಿ. 30ಕ್ಕೇ ಬಂದರೆ ಪಾಸ್. ಕೆಲವು ಸೀದಾ 100ಕ್ಕೆ ಏರುತ್ತವೆ. ದಿನಕ್ಕೆ ಮೂರು ಸಲ ಕರೆಂಟ್ ಹೋಗಿಬರುವ ಊರಲ್ಲಿ ಆ ಲೈಟು ಹವಳವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಟೈಮರ್‌ದೂ ಇದೇ ಕತೆ. ಗಿರಗಿರ ತಿರುಗುವ ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿತ್ತೆಂದರೆ ಆಮೇಲೆ ನಡುರಾತ್ರಿ ಟ್ಯಾಂಕಿನಲ್ಲಿ ಮಧ್ಯಾಹ್ನ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ.

ಇನ್ವರ್ಟರಿಗೆ ಲೈಟ್ ಜೋಡಿಸಬೇಡಿ. ಎರಡು ದಿನ ಕತ್ತಲಿದ್ದರೆ ಹವಳಕ್ಕೆ ಏನೂ ಆಗುವುದಿಲ್ಲ. ಪಾಚಿ ಕಾಟಕ್ಕೆ ಬೇಕೆಂದೇ ಮೂರು ದಿನ ಕತ್ತಲು ಮಾಡುವವರಿದ್ದಾರೆ. ನೀರು ಓಡಿಸುವ ಪಂಪ್ ನಿಂತರೆ ಮಾತ್ರ ಕೆಲವೇ ಗಂಟೆಗಳಲ್ಲಿ ಮೀನು ಉಸಿರು ಕಟ್ಟುತ್ತದೆ. ಬ್ಯಾಟರಿ ಅದಕ್ಕೆ ಇರಲಿ. 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಟ್ಟನೆ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಇಲ್ಲದೆ ಉಪ್ಪುನೀರಿಗೆ ಕೈ ಹಾಕಲೇಬೇಡಿ. ವೈರು ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಇಳಿದು ಮೇಲೆ ಹೋಗಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ.

ಇನ್ನು ಮಳೆಹುಳ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಹಿಂಡುಹಿಂಡಾಗಿ ಬರುತ್ತದೆ, ನೀಲಿ ನೇರಳೆ ಬೆಳಕೆಂದರೆ ಅದಕ್ಕೆ ಪ್ರಾಣ. ಮುಚ್ಚಳ ಇಲ್ಲದ ಟ್ಯಾಂಕಿನಲ್ಲಿ ಬೆಳಗ್ಗೆ ರೆಕ್ಕೆಯ ಕೆನೆ ಕಟ್ಟಿರುತ್ತದೆ. ತೆಳು ಬಲೆಯ ಮುಚ್ಚಳ ಹಾಕಿ, ಆ ವಾರಗಳಲ್ಲಿ ಲೈಟನ್ನು ಬೆಳಗ್ಗೆ 9ಕ್ಕೆ ಹಚ್ಚಿ ಸಂಜೆ 6ಕ್ಕೆ ಆರಿಸಿ.

ತಂದ ಮೇಲೆ

ಮೊದಲ ವಾರ 25 ಶೇಕಡ, ದಿನಕ್ಕೆ 8 ಗಂಟೆ. ಆಮೇಲೆ ವಾರಕ್ಕೆ 5ರಂತೆ ಏರಿಸಿ, ಹವಳ ನೋಡಿಕೊಂಡು ನಿಲ್ಲಿಸಿ. ಮಶ್ರೂಮ್ ಮುದುಡಿ ಬಣ್ಣ ಬಿಳಿಚಿಕೊಂಡರೆ ಬೆಳಕು ಜಾಸ್ತಿಯಾಗಿದೆ. ಜೊವಾಂತಿಡ್ ಕತ್ತು ಉದ್ದ ಮಾಡಿ ಮೇಲೆ ಚಾಚಿದರೆ ಕಡಿಮೆ. ಲೆದರ್ ಕೆಲವು ದಿನ ಮುದುಡಿಕೊಂಡು ಮೇಣದಂಥ ಪೊರೆ ಕಳಚುವುದು ಅದರ ಸ್ವಭಾವ, ಅದನ್ನು ನೋಡಿ ಸುಮ್ನೆ ಗುಂಡಿ ತಿರುಗಿಸಬೇಡಿ. ಗಾಜಿನ ಹಂಚಿನಿಂದ ಬಿಸಿಲುಕೋಲು ಟ್ಯಾಂಕಿನ ಮೇಲೆ ಬೀಳುತ್ತಿದ್ದರೆ ಟ್ಯಾಂಕನ್ನೇ ಸರಿಸಿ. ಬೇಸಿಗೆಯಲ್ಲಿ ಪಾಚಿ ಬೆಳೆಸುತ್ತದೆ, ಮಳೆಗಾಲದಲ್ಲಿ ಇರುವುದೇ ಇಲ್ಲ.

ವಾರಕ್ಕೊಮ್ಮೆ ಲೈಟ್ ಆರಿಸಿ, ತಣಿದ ಮೇಲೆ ಆರ್‌ಒ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಲೆನ್ಸ್ ಒರೆಸಿ. ಬಹಳ ದಿನ ಒರೆಸದೆ ಉಪ್ಪು ಗಟ್ಟಿಯಾಗಿದ್ದರೆ ಒರೆಸಿದ ದಿನ ಲೈಟನ್ನು 10 ಶೇಕಡ ಇಳಿಸಿ, ಮತ್ತೆ ನಿಧಾನ ಏರಿಸಿ. ಪೊರೆ ಹೋದ ಲೆನ್ಸಿನಿಂದ ಬೆಳಕು ಒಮ್ಮೆಲೇ ಜಾಸ್ತಿ ಇಳಿಯುತ್ತದೆ.