ಹ್ಯಾಂಗರ್ ಲೈನಿನ ರೂಟಿಂಗ್: ನಿಮಿಷದ ಲೆಕ್ಕ ಕೈಹಿಡಿದ ಬಗೆ

ದೊಡ್ಡಬಳ್ಳಾಪುರದ ಕಡೆಯ ನಮ್ಮ ಗಾರ್ಮೆಂಟ್ಸ್ ಘಟಕದಲ್ಲಿ ಫಾರ್ಮಲ್ ಶರ್ಟಿನ ಅಸೆಂಬ್ಲಿಗೆ ಹ್ಯಾಂಗರ್ ಸಿಸ್ಟಮ್ ಕೂರಿಸಿದೆವು. ಒಂದೊಂದು ಶರ್ಟಿನ ಭಾಗಗಳನ್ನು ಒಂದೊಂದು ಹ್ಯಾಂಗರಿಗೆ ನೇತುಹಾಕಿ, ಚೈನಿನ ಮೇಲೆ ಒಬ್ಬ ಟೈಲರಿನ ಸ್ಟೇಷನ್ನಿನಿಂದ ಇನ್ನೊಬ್ಬರದಕ್ಕೆ ತಾನಾಗಿ ಸಾಗಿಸುವ ವ್ಯವಸ್ಥೆ ಇದು. ಭಾಗಗಳನ್ನು ಕಟ್ಟು ಕಟ್ಟಿ ಕೈಯಿಂದ ಸಾಗಿಸುವ ಹಿಂದಿನ ಬಂಡಲ್ ಪದ್ಧತಿಯಲ್ಲಿ ದಿನಕ್ಕೆ 480ರ ಆಸುಪಾಸಿನಲ್ಲಿದ್ದ ಉತ್ಪಾದನೆ ಮೊದಲ ತಿಂಗಳಲ್ಲೇ 400ರ ಕೆಳಗಿಳಿಯಿತು. ಸುಮಾರು 30 ಸ್ಟೇಷನ್ನುಗಳಿಗೆ 35 ಲಕ್ಷದಷ್ಟು ಸುರಿದಿದ್ದ ಆಡಳಿತದವರು, ಇದನ್ನು ಬಿಚ್ಚಿಸಿ ಮತ್ತೆ ಬಂಡಲ್ ಕಟ್ಟುವುದೇ ಮೇಲೇನೋ ಎಂದು ಮಾತನಾಡಿಕೊಳ್ಳತೊಡಗಿದ್ದರು. ಇಂದು ಅದೇ ಲೈನು, ಅದೇ ಟೈಲರುಗಳೊಂದಿಗೆ, 620ರಿಂದ 640 ಶರ್ಟು ಕೊಡುತ್ತಿದೆ. ಯಂತ್ರಗಳಲ್ಲಿ ಏನೂ ಬದಲಾಗಿಲ್ಲ. ಯಾವ ಹ್ಯಾಂಗರ್ ಯಾವ ಸ್ಟೇಷನ್ನಿಗೆ ಯಾವಾಗ ಹೋಗಬೇಕು ಎಂಬ ರೂಟಿಂಗ್ ನಿಯಮಗಳನ್ನು ಮಾತ್ರ ನಾನು ಬೇರೆ ರೀತಿಯಲ್ಲಿ ಬರೆದೆ.

ಸಿಸ್ಟಮ್ ಅಳವಡಿಸಲು ಬಂದವರು ಎಲ್ಲ ಸ್ಟೇಷನ್ನುಗಳಿಗೂ ಒಂದು ಹೊತ್ತಿಗೆ 12 ಹ್ಯಾಂಗರ್ ನಿಲ್ಲಬಹುದು ಎಂಬ ಒಂದೇ ಮಿತಿ ಹಾಕಿ, ಒಂದು ಆಪರೇಷನ್ನಿಗೆ (ಹೊಲಿಗೆಯ ಒಂದು ಹಂತಕ್ಕೆ) ಇಬ್ಬರಿದ್ದರೆ ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ಎಂದು ಬರೆದು ಹೋಗಿದ್ದರು. ಲೇಬಲ್ ಹಚ್ಚುವವರಿಗೆ 12 ಹ್ಯಾಂಗರ್ ಎಂದರೆ ನಾಲ್ಕೈದು ನಿಮಿಷದ ಕೆಲಸ. ಕಾಲರ್ ಅಟ್ಯಾಚ್ ಮಾಡುವವರಿಗೆ ಅದು ಕಾಲು ಗಂಟೆಗೂ ಹೆಚ್ಚು. ಕಾಲರ್ ಸ್ಟೇಷನ್ ತುಂಬಿದಾಗ ಒಳಗೆ ಜಾಗ ಸಿಗದ ಹ್ಯಾಂಗರ್, ಜಾತ್ರೆಯಲ್ಲಿ ಬೈಕು ನಿಲ್ಲಿಸಲು ಜಾಗ ಹುಡುಕುವವರಂತೆ, ಮುಖ್ಯ ಚೈನಿನ ಮೇಲೆ ಸುತ್ತು ಹೊಡೆಯುತ್ತಿತ್ತು. ಹೀಗೆ ಸುತ್ತುವ ಹ್ಯಾಂಗರುಗಳೇ ಚೈನನ್ನು ತುಂಬಿಕೊಂಡರೆ, ಕೆಲಸ ಮುಗಿಸಿ ಹೊರಬಿಡಲು ಕಾದಿರುವ ಸ್ಲೀವ್ ಟೈಲರಿಗೂ ದಾರಿ ಇರುವುದಿಲ್ಲ. ಕಾಲರಿನಲ್ಲಿ ಹುಟ್ಟಿದ ಅಡ್ಡಿ ಹೀಗೆ ಇಡೀ ಲೈನನ್ನು ನಿಲ್ಲಿಸುತ್ತಿತ್ತು. ಪರಿಹಾರವಾಗಿ ಸರಬರಾಜುದಾರರು ಸೂಚಿಸಿದ್ದು ಸುಮಾರು 4 ಲಕ್ಷದ ಬ್ಯಾಲೆನ್ಸಿಂಗ್ ಸಾಫ್ಟ್‌ವೇರ್. ನಾವು ಅದನ್ನು ಕೊಳ್ಳಲಿಲ್ಲ.

ನಾನು ಮಾಡಿದ್ದು ಇಷ್ಟು. ಸ್ಟೇಷನ್ನಿನ ಮಿತಿಯನ್ನು ಹ್ಯಾಂಗರುಗಳ ಸಂಖ್ಯೆಯಿಂದ ಎಣಿಸುವುದನ್ನು ಬಿಟ್ಟು ಕೆಲಸದ ನಿಮಿಷಗಳಿಂದ ಲೆಕ್ಕ ಹಾಕಿದೆ. ಅದಕ್ಕೆ ಪುಸ್ತಕದ ಎಸ್‌ಎಎಂ (ಆ ಕೆಲಸಕ್ಕೆ ನಿಗದಿಯಾದ ಪ್ರಮಾಣಿತ ನಿಮಿಷ) ಬಳಸದೆ, ಆ ಸ್ಟೇಷನ್ನಿನಲ್ಲಿ ಕೂರುವ ಟೈಲರ್ ಊಟದ ನಂತರದ ಹೊತ್ತಿನಲ್ಲಿ ನಿಜವಾಗಿ ತೆಗೆದುಕೊಳ್ಳುವ ಸಮಯವನ್ನೇ ಹಿಡಿದೆ. ಎಲ್ಲರ ಮುಂದೆಯೂ ಏಳೆಂಟು ನಿಮಿಷದ ಕೆಲಸ ಇದ್ದರೆ ಸಾಕು ಎಂಬ ಅಂದಾಜಿನಲ್ಲಿ ಲೇಬಲ್ಲಿಗೆ 20ರವರೆಗೂ ಬಿಟ್ಟೆ, ಸ್ಲೀವಿಗೆ 6ಕ್ಕೆ ಇಳಿಸಿದೆ. ಕಾಲರಿಗೆ ಹಾಕಿರುವ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಡೈರಿಯಲ್ಲೇ ಇರಲಿ. ಜೊತೆಗೆ, ಕಾಲರ್ ಸ್ಟೇಷನ್ನುಗಳು ತುಂಬಿರುವಷ್ಟು ಹೊತ್ತು ಲೋಡಿಂಗ್ ಸ್ಟೇಷನ್ನಿನಿಂದ ಹೊಸ ಹ್ಯಾಂಗರ್ ಹೊರಡಕೂಡದು ಎಂದು ಇನ್ನೊಂದು ನಿಯಮ ಸೇರಿಸಿದೆ. ಕ್ಯೂ ಇಳಿಸಿದರೆ ಟೈಲರುಗಳು ಖಾಲಿ ಕೂರುತ್ತಾರೆ ಎಂದು ಫ್ಲೋರ್ ಇನ್‌ಚಾರ್ಜ್ ಪಟ್ಟು ಹಿಡಿದಿದ್ದರು. ಒಂದು ವಾರದೊಳಗೆ ಚೈನಿನ ಮೇಲೆ ಸುತ್ತುವ ಹ್ಯಾಂಗರುಗಳು ಮೂರರಲ್ಲೊಂದು ಪಾಲಿಗೆ ಇಳಿದಾಗ ಅವರೇ ಪ್ರೊಡಕ್ಷನ್ ಮ್ಯಾನೇಜರನ್ನು ಕರೆತಂದು ತೋರಿಸಿದರು.

ನಾನು ನಿರೀಕ್ಷಿಸದಿದ್ದ ಲಾಭ ಆಲ್ಟರೇಷನ್ನಿನಲ್ಲಿ, ಅಂದರೆ ತಪ್ಪಾದ ಪೀಸನ್ನು ಮತ್ತೆ ಸರಿಪಡಿಸುವ ಕೆಲಸದಲ್ಲಿ, ಸಿಕ್ಕಿತು. ಚೆಕರ್ ಕೋಡ್ ಒತ್ತಿದರೆ ಪೀಸು ಅದನ್ನು ಹೊಲಿದ ಟೈಲರಿಗೇ ಮರಳುವ ನಿಯಮ ಮೊದಲಿನಿಂದಲೂ ಇತ್ತು. ಆದರೆ ಸ್ಟೇಷನ್ನಿನ ಹಳಿಯ ಮೇಲೆ ಹಿಂದೆ ಬಂದ ಹ್ಯಾಂಗರ್ ಮುಂದಿನದನ್ನು ದಾಟಲಾರದು. ಹೀಗಾಗಿ ಕಾಲರ್ ಪಾಯಿಂಟ್ ತಪ್ಪಿದ ಶರ್ಟು ಅವರ ಕೈಗೆ ಬರುವಷ್ಟರಲ್ಲಿ ಅದೇ ತಪ್ಪಿನ ಇನ್ನೂ ಹತ್ತು ಶರ್ಟುಗಳು ಹೊರಗೆ ಹೋಗಿರುತ್ತಿದ್ದವು. ಕ್ಯೂ ಚಿಕ್ಕದಾದ ಮೇಲೆ ತಪ್ಪು ಹತ್ತು ನಿಮಿಷದೊಳಗೆ ಅವರ ಕಣ್ಣಿಗೆ ಬೀಳತೊಡಗಿತು, ಆಲ್ಟರೇಷನ್ ಹೆಚ್ಚುಕಡಿಮೆ ಅರ್ಧವಾಯಿತು.

ಒಂದು ಆಪರೇಷನ್ನಿನಲ್ಲಿ ಇಬ್ಬರಿದ್ದರೆ ಯಾರ ಮುಂದೆ ಕೆಲಸ ಕಡಿಮೆಯಿದೆಯೋ ಅವರಿಗೆ ಮುಂದಿನ ಹ್ಯಾಂಗರ್ ಹೋಗಲಿ ಎಂಬ ನಿಯಮ ಕಾಗದದ ಮೇಲೆ ನಿರ್ದೋಷವಾಗಿ ಕಂಡಿತ್ತು. ಮೂರನೆಯ ದಿನ ಸೈಡ್ ಸೀಮಿನ ಹಿರಿಯ ಟೈಲರೊಬ್ಬರು ಸ್ಟೇಷನ್ನಿನ ಪರದೆಯ ಮೇಲಿನ ಎಣಿಕೆಗೆ ಬೆರಳಿಟ್ಟು, "ಬೇಗ ಹೊಲಿದ ತಪ್ಪಿಗೆ ನಂಗೇ ಜಾಸ್ತಿ ಕಳಿಸ್ತೀರಾ ಸಾರ್? ಸಂಬಳ ಇಬ್ರಿಗೂ ಒಂದೇ ಅಲ್ವಾ?" ಎಂದು ಕೇಳಿದರು. ಅವರ ಎಣಿಕೆ ಪಕ್ಕದವರಿಗಿಂತ 60ರಷ್ಟು ಹೆಚ್ಚಿತ್ತು. ಅವರ ಮಾತಿಗೆ ರೂಟಿಂಗಿನಲ್ಲಿ ಉತ್ತರವಿರಲಿಲ್ಲ. ಸ್ಟೇಷನ್ನಿನ ಎಣಿಕೆಯನ್ನೇ ಆಧಾರವಾಗಿಟ್ಟು ಇನ್ಸೆಂಟಿವ್ ಕೊಡಲು ಆಡಳಿತದವರನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಈಗ ಇಡೀ ಲೈನಿಗೆ ತಿಂಗಳಿಗೆ 30 ಸಾವಿರದ ಆಸುಪಾಸು ಅದಕ್ಕೇ ಹೋಗುತ್ತದೆ. ದಿನಕ್ಕೆ 140ಕ್ಕೂ ಹೆಚ್ಚು ಶರ್ಟು ಜಾಸ್ತಿ ಬರುವಾಗ ಅದು ದೊಡ್ಡ ಮೊತ್ತವೇನಲ್ಲ.

ಈ ನಡುವೆ ಬಿಳಿ ಮತ್ತು ನೀಲಿ ಶರ್ಟುಗಳನ್ನು ಒಂದೇ ಲೈನಿನಲ್ಲಿ ಒಟ್ಟಿಗೆ ಓಡಿಸುವ ಪ್ರಯೋಗವನ್ನೂ ಮಾಡಿ ನೋಡಿದೆ. ದಾರದ ಬಣ್ಣಕ್ಕೆ ತಕ್ಕಂತೆ ಸ್ಟೇಷನ್ನುಗಳನ್ನು ಹಂಚಿದ್ದೆ. ಕಟಿಂಗಿನಿಂದ ನೀಲಿ ಬರುವುದು ತಡವಾದ ದಿನ ನೀಲಿ ದಾರದವರೆಲ್ಲ ಕೈಕಟ್ಟಿ ಕುಳಿತರು, ಬಿಳಿಯ ಸ್ಟೇಷನ್ನುಗಳಿಗೆ ಉಸಿರಾಡಲೂ ಬಿಡುವಿರಲಿಲ್ಲ. ಆ ದಿನದ ಉತ್ಪಾದನೆ 350 ದಾಟಿರಲಿಕ್ಕಿಲ್ಲ. ಅನ್‌ಲೋಡಿಂಗಿಗೆ ಮುಂಚಿನ ಎರಡು ಖಾಲಿ ಸ್ಟೇಷನ್ನುಗಳಲ್ಲಿ ಸೈಜುವಾರು ಹ್ಯಾಂಗರುಗಳನ್ನು ಶೇಖರಿಸಿ ಬಿಡುವ ಪ್ರಯೋಗ ಮಾತ್ರ ಫಲ ಕೊಟ್ಟಿತು. ಫಿನಿಶಿಂಗಿನಲ್ಲಿ ಸೈಜು ವಿಂಗಡಿಸುತ್ತಿದ್ದ ಇಬ್ಬರು ಹೆಲ್ಪರುಗಳು ಬೇರೆ ಕೆಲಸಕ್ಕೆ ಸಿಕ್ಕರು.

ಗೈರುಹಾಜರಿಯ ವಿಷಯದಲ್ಲಿ ಪ್ರತಿ ಆಪರೇಷನ್ನಿಗೂ ಒಂದು ಬದಲಿ ಸ್ಟೇಷನ್ ಬರೆದಿಡುವುದು ಎಲ್ಲರಿಗೂ ಗೊತ್ತಿರುವ ಕ್ರಮವೇ. ಟೈಲರ್ ಐದು ನಿಮಿಷ ಎದ್ದುಹೋಗಲು ಲಾಗ್‌ಔಟ್ ಮಾಡಿದೊಡನೆ ಹ್ಯಾಂಗರುಗಳೆಲ್ಲ ಬದಲಿ ಸ್ಟೇಷನ್ನಿಗೆ ನುಗ್ಗುವುದು ಅದರ ಉಪದ್ರವ. ಲಾಗ್‌ಔಟ್ ಆದ ಮೇಲೆ ಒಂದಿಷ್ಟು ಹೊತ್ತು ಕಾದು ದಾರಿ ಬದಲಿಸುವಂತೆ ಮಾಡಿದ್ದೇನೆ. ಎಷ್ಟು ಹೊತ್ತು ಎಂಬುದು ಲೈನಿನಿಂದ ಲೈನಿಗೆ ಬೇರೆಯಾಗುತ್ತದೆ. ನಮ್ಮದನ್ನು ಹೇಳಿದರೆ ನಿಮಗೆ ಉಪಯೋಗವಾಗದು, ಹೇಳುವ ಮನಸ್ಸೂ ನನಗಿಲ್ಲ.

ಮುಂದಿನ ತಿಂಗಳು ಪ್ಯಾಂಟಿನ ಲೈನಿಗೆ ಇದೇ ಲೆಕ್ಕವನ್ನು ಹಾಕಬೇಕಿದೆ. ಅಲ್ಲಿ ಮುಂಭಾಗ ಮತ್ತು ಹಿಂಭಾಗಗಳು ಬೇರೆ ಬೇರೆ ಹೊಲಿದು ಬಂದು, ಕಾಲಿನ ಒಳಬದಿಯ ಹೊಲಿಗೆಯಾದ ಇನ್‌ಸೀಮಿಗೆ ಮುಂಚೆ ಕೂಡುವುದರಿಂದ ಲೋಡಿಂಗ್ ಎರಡು ಕಡೆ ಇರುತ್ತದೆ. ಒಂದು ಕಡೆ ತಡೆದಾಗ ಇನ್ನೊಂದನ್ನೂ ತಡೆಯುವ ನಿಯಮ ಬರೆಯಲು ಆರಂಭಿಸಿದ್ದೇನೆ. ಮೊದಲು ಹಿಂಭಾಗದ ಪಾಕೆಟ್ ಟೈಲರುಗಳ ಊಟದ ನಂತರದ ಸಮಯಗಳನ್ನು ಗುರುತು ಹಾಕಿಕೊಳ್ಳಬೇಕು.