ಜರ್ಮನಿಗೆ ಹೊಸದಾಗಿ ಬಂದವರಿಗೆ: ಟ್ಯಾಂಡೆಮ್ ಗೆಳೆತನ

ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದೇವೆ, ಆದರೆ ಮಾತಾಡೋಣ ಅಂದರೆ ಜನ ಎಲ್ಲಿ? ಹೊಸದಾಗಿ ಬಂದ ಕನ್ನಡಿಗರು ಸಂಘದ ಕಾರ್ಯಕ್ರಮಗಳಲ್ಲಿ ಕೇಳುವುದು ಇದನ್ನೇ. ಜರ್ಮನ್ ನೆರೆಯವರೇ ಬಾಯಿ ಬಿಡಲಿ ಎಂದು ಕಾಯುತ್ತಾ ಕೂರಬೇಡಿ. ನಿಮ್ಮೂರಿನ ವಿಶ್ವವಿದ್ಯಾಲಯಕ್ಕೆ ಬೇರೆ ದೇಶದಿಂದ ಓದಲು ಬಂದವರನ್ನು ಪರಿಚಯ ಮಾಡಿಕೊಳ್ಳಿ. ನಾಮಪದದ ಲಿಂಗ ಹೇಳುವ ಡೆರ್, ಡೀ, ಡಾಸ್ ಜೊತೆ ಅವರೂ ಗುದ್ದಾಡಿದವರು, ಹಾಗಾಗಿ ನೀವು ತಡವರಿಸಿದರೆ ಕಾಯುವ ತಾಳ್ಮೆ ಇರುತ್ತದೆ. ಶನಿವಾರ ಸಂಜೆ ಒಂಟಿಯಾಗಿ ಕೂರುವುದು ಎಂದರೇನು ಎಂಬುದೂ ಅವರಿಗೆ ಗೊತ್ತು.

ದಾರಿ ಎರಡು. ಸ್ಪ್ರಾಖ್‌ಕಫೆ, ಅಂದರೆ ಭಾಷೆ ಮಾತಾಡಲೆಂದೇ ಸೇರುವ ಕೂಟ, ಅನೇಕ ಊರುಗಳ ಗ್ರಂಥಾಲಯಗಳಲ್ಲಿ, ಚರ್ಚಿನ ಸಭಾಂಗಣಗಳಲ್ಲಿ ನಡೆಯುತ್ತದೆ. ಸುಮ್ಮನೆ ಹೋಗಿ ಕೂತರಾಯಿತು. ಟ್ಯಾಂಡೆಮ್‌ನಲ್ಲಿ ಇಬ್ಬರೇ, ಒಬ್ಬರ ಭಾಷೆ ಇನ್ನೊಬ್ಬರಿಗೆ. ವಿಶ್ವವಿದ್ಯಾಲಯದ ಭಾಷಾ ಕೇಂದ್ರ ಜೋಡಿ ಮಾಡಿಕೊಡುತ್ತದೆ. ಕೆಲವು ಕಡೆ ಹೊರಗಿನವರನ್ನೂ ಸೇರಿಸಿಕೊಳ್ಳುತ್ತಾರೆ, ಕೇಳಿ ನೋಡಿ. ಪಾಠಗಳು ಶುರುವಾಗುವ ಅಕ್ಟೋಬರ್ ಮಧ್ಯಭಾಗ ಮತ್ತು ಏಪ್ರಿಲ್ ಒಳ್ಳೆಯ ಕಾಲ. ಆಗ ಎಲ್ಲರೂ ಸ್ನೇಹಿತರನ್ನು ಹುಡುಕುತ್ತಿರುತ್ತಾರೆ.

ಅರ್ಜಿಯಲ್ಲಿ ನಿಮ್ಮ ಭಾಷೆ ಯಾವುದು ಎಂದಿದ್ದ ಕಡೆ ನಮ್ಮವರು ಇಂಗ್ಲಿಷ್, ಹಿಂದಿ ಎಂದು ಬರೆದು ಕನ್ನಡವನ್ನು ಬಿಟ್ಟುಬಿಡುತ್ತಾರೆ. ಇದು ನನಗೆ ಬಹಳ ನೋವಿನ ವಿಷಯ. 1894ರಲ್ಲಿ ನಮ್ಮ ದೊಡ್ಡ ನಿಘಂಟನ್ನು ಹೊರತಂದ ಕಿಟೆಲ್ ಇದೇ ನಾಡಿನವರು, ಕೊನೆಯುಸಿರೆಳೆದದ್ದು ಟ್ಯೂಬಿಂಗೆನ್‌ನಲ್ಲಿ. ವ್ಯುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದ್ದಾರೆ. ಕನ್ನಡ ಎಂದೇ ಬರೆಯಿರಿ.

ಭೇಟಿಗೆ ಒಂದು ಗಂಟೆ ಸಾಕು: ಅರ್ಧ ಅವರ ಭಾಷೆ, ಅರ್ಧ ನಿಮ್ಮದು. ಇಬ್ಬರೂ ಜರ್ಮನ್ ಕಲಿಯುವವರೇ ಆದರೆ ಪೂರ್ತಿ ಜರ್ಮನ್. ತಪ್ಪನ್ನು ಮಧ್ಯದಲ್ಲೇ ತಿದ್ದಬೇಕೋ, ಕೊನೆಗೆ ಹೇಳಬೇಕೋ ಎಂದು ಮೊದಲೇ ಮಾತಾಡಿಕೊಳ್ಳಿ. ಗೋಯಥೆ ಸಂಸ್ಥೆಯ ಬಿ1 (ಮಧ್ಯಮ ಹಂತದ) ಜರ್ಮನ್ ಪರೀಕ್ಷೆಯ ಮೌಖಿಕ ಭಾಗ ಸಾಮಾನ್ಯವಾಗಿ ಇಬ್ಬರಿಗೆ ಒಟ್ಟಿಗೆ ನಡೆಯುತ್ತದೆ, ಮೊದಲ ಪ್ರಶ್ನೆಯೇ ಇಬ್ಬರೂ ಸೇರಿ ಏನಾದರೂ ಯೋಜನೆ ಹಾಕುವುದು. ಹಾಗಾಗಿ ಭಾನುವಾರದ ಸುತ್ತಾಟವನ್ನು ನಿಜವಾಗಿಯೇ ಯೋಜಿಸಿ: ಯಾವ ರೈಲು, ಎಷ್ಟು ಗಂಟೆಗೆ, ಬುತ್ತಿ ಯಾರು ತರುವುದು.

ಅದಕ್ಕಿಂತಲೂ ಚೆನ್ನಾಗಿ ಮಾತು ಹುಟ್ಟುವುದು ಅಡುಗೆಮನೆಯಲ್ಲಿ. ಇಂಡೋನೇಷ್ಯಾದ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಾಗ ಉಪ್ಪಿಟ್ಟು ಮಾಡಲು ನಿಂತೆವು. ಸೂಪರ್‌ಮಾರ್ಕೆಟ್ಟಿನ ಗ್ರೀಸ್ (ರವೆಗೆ ಜರ್ಮನ್ ಹೆಸರು) ಪೊಟ್ಟಣ ಒಡೆದು ರವೆ ಹುರಿಯಲು ಅವಳ ಕೈಗೇ ಸೌಟು ಕೊಟ್ಟೆ. ಉರಿ ಕಡಿಮೆ ಮಾಡು, ಕೈಯಾಡಿಸುತ್ತಿರು, ನೀರು ಕುದಿದ ಮೇಲೆ ಹಾಕು. ಕ್ಲಾಸಿನಲ್ಲಿ ಬಾಯಿಗೆ ಬಾರದಿದ್ದ ಜರ್ಮನ್ ಕ್ರಿಯಾಪದಗಳೆಲ್ಲ ತಾವಾಗಿ ಬಂದವು. ಸಾಸಿವೆ ಸಿಡಿಯುವುದನ್ನು ನೋಡುತ್ತಾ ಅವಳು ತನ್ನಮ್ಮ ತೆಂಪೆ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ) ಕರಿಯುವ ಬಗೆ ಹೇಳತೊಡಗಿದಳು. ಮನೆಯವರ ವಿಷಯ ಅವಳ ಬಾಯಿಂದ ಬಂದದ್ದು ಆಗಲೇ, ಅದಕ್ಕೂ ಮೊದಲು ನಾವು ಕೇಳಿರಲಿಲ್ಲ.

ಕೇಳದಿರುವುದೂ ಮುಖ್ಯ. ಮದುವೆ ಆಗಿದೆಯಾ, ಖರ್ಚಿಗೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ನಮ್ಮಲ್ಲಿ ಪ್ರೀತಿಯಿಂದಲೇ ಬರುತ್ತದೆ, ಆದರೆ ಇಲ್ಲಿ ಎದುರಿನವರು ಮುದುಡಿಕೊಳ್ಳುತ್ತಾರೆ. ಸಿರಿಯಾ, ಉಕ್ರೇನ್‌ನಿಂದ ಬಂದವರ ಬಳಿ ಯುದ್ಧದ ಮಾತನ್ನು ನೀವಾಗಿ ಎತ್ತಬೇಡಿ. ಊಟಕ್ಕೆ ಕರೆಯುವ ಮೊದಲು ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಎಂದು ಕೇಳಿ. ಕಚೇರಿ ಪತ್ರಗಳನ್ನು ಓದಿಸಲಿಕ್ಕೆಂದೇ ಅವರನ್ನು ಕರೆಯಬೇಡಿ, ಅಪರೂಪಕ್ಕಾದರೆ ಸರಿ.

ಫೆಬ್ರವರಿ, ಜುಲೈ ಹತ್ತಿರ ಮೆಸೇಜಿಗೆ ಉತ್ತರ ಬರದಿದ್ದರೆ ಬೇಸರಪಡಬೇಡಿ, ಪರೀಕ್ಷೆ ಇರುತ್ತದೆ. ಅನೇಕರು ಸಂಜೆ ಕೆಲಸಕ್ಕೂ ಹೋಗುತ್ತಾರೆ. ವಿದ್ಯಾರ್ಥಿ ಪರವಾನಗಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು.

ನವೆಂಬರ್ 1 ಬವೇರಿಯಾ, ಬಾಡೆನ್-ವ್ಯುರ್ಟೆಂಬೆರ್ಗ್‌ಗಳಲ್ಲಿ ಸರ್ಕಾರಿ ರಜೆ. ರಾಜ್ಯೋತ್ಸವಕ್ಕೆ ಅವರನ್ನು ಕರೆತನ್ನಿ. ಪಕ್ಕದಲ್ಲೇ ಕೂತು ವೇದಿಕೆಯ ಮೇಲೆ ಏನಾಗುತ್ತಿದೆ ಎಂದು ನಿಮ್ಮ ಜರ್ಮನ್‌ನಲ್ಲೇ ಹೇಳುತ್ತಾ ಹೋಗಿ.